ಪಂಪಭಾರತದ ಸುತ್ತಣ ಲೋಕ

ಶಬ್ದಾರ್ಥಗಳ ವಿಚಾರ ಮಾಡುವಾಗ ನಮ್ಮ ಹಳೆಯ ಶಾಸ್ತ್ರಕಾರರು ಒಂದು ಸಣ್ಣ ಉದಾಹರಣೆಯನ್ನು ಮತ್ತೆ ಮತ್ತೆ ಕೊಡುತ್ತಾರೆ. ಯಜಮಾನನು ಸೇವಕನನ್ನು ಕರೆದು ‘ಸೈಂಧವವನ್ನು ತಾ’ ಎನ್ನುತ್ತಾನೆ. ಸೈಂಧವವೆಂದರೆ ಉಪ್ಪೂ ಆಗುತ್ತದೆ, ಸಿಂಧೂ ದೇಶದ ಕುದುರೆಯೂ ಆಗುತ್ತದೆ. ಯಜಮಾನನು ಊಟದ ಎಲೆಯ ಮುಂದೆ ಕುಳಿತಿದ್ದರೆ ತರಬೇಕಾದದ್ದು ಉಪ್ಪು. ಪ್ರಯಾಣಕ್ಕೆ ಸಿದ್ಧನಾಗಿ ನಿಂತಿದ್ದರೆ ಕುದುರೆ. ನಿಘಂಟನ್ನು ಬಾಯಿಪಾಠ ಮಾಡಿದ ಸೇವಕನಾದರೂ ಯಜಮಾನನ ಕಡೆಗೆ ಒಮ್ಮೆ ಕಣ್ಣೆತ್ತಿ ನೋಡದಿದ್ದರೆ ಎಡವುವುದು ಖಂಡಿತ. ಶಾಸ್ತ್ರಕಾರರು ಇದನ್ನು ‘ಪ್ರಕರಣ’ ಎಂದು ಕರೆದರು. ನಾವು ಇಂದು ಸಂದರ್ಭ ಎನ್ನುತ್ತೇವೆ.

ಒಂದು ಶಬ್ದಕ್ಕೆ ಸಲ್ಲುವ ಈ ಮಾತು ಒಂದು ಕಾವ್ಯಕ್ಕೂ ಸಲ್ಲುತ್ತದೆಯೆ ಎಂಬುದು ಇಲ್ಲಿ ನನ್ನ ಪ್ರಶ್ನೆ. ಕಾವ್ಯವು ತನ್ನಷ್ಟಕ್ಕೆ ತಾನೇ ಪೂರ್ಣವಾದದ್ದು, ಕವಿಯ ಊರು, ಕಾಲ, ಆಶ್ರಯದಾತ ಇವೆಲ್ಲ ಚರಿತ್ರಕಾರರ ಸೊತ್ತು, ರಸಿಕನಿಗೆ ಅವುಗಳಿಂದ ಆಗಬೇಕಾದದ್ದೇನೂ ಇಲ್ಲ ಎನ್ನುವವರಿದ್ದಾರೆ. ಕಾವ್ಯವೆಂದರೆ ತನ್ನ ಕಾಲದ ಕನ್ನಡಿ, ಅದನ್ನು ಬರೆಯಿಸಿದ ದೊರೆಯನ್ನು ತಿಳಿದರೆ ಕಾವ್ಯವನ್ನು ತಿಳಿದಂತೆಯೇ ಎನ್ನುವವರೂ ಇದ್ದಾರೆ. ಕನ್ನಡದ ಮೇಷ್ಟರಾಗಿ ಮೂವತ್ತು ಚಿಲ್ಲರೆ ವರ್ಷ ಹಳಗನ್ನಡ ಪಾಠ ಹೇಳಿದ ನನಗೆ ಈ ಎರಡು ಮಾತುಗಳೂ ತರಗತಿಯಲ್ಲಿ ಎದುರಾಗಿವೆ. ಎರಡರ ಬಲವನ್ನೂ ಬಲಹೀನತೆಯನ್ನೂ ಒರೆಗೆ ಹಚ್ಚಿ ನೋಡಲು ಪಂಪನ ‘ವಿಕ್ರಮಾರ್ಜುನ ವಿಜಯ’ಕ್ಕಿಂತ ಒಳ್ಳೆಯ ಕಲ್ಲು ನಮ್ಮಲ್ಲಿಲ್ಲ ಎಂದು ನನ್ನ ಎಣಿಕೆ.

ಮೊದಲು ಕೆಲವು ಸಂಗತಿಗಳು. ಪಂಪನು ಹುಟ್ಟಿದ್ದು ಕ್ರಿ.ಶ. ೯೦೨ರ ದುಂದುಭಿ ಸಂವತ್ಸರದಲ್ಲಿ. ‘ಆದಿಪುರಾಣ’ವನ್ನು ಅವನು ಮುಗಿಸಿದ್ದು ಶಕವರ್ಷ ೮೬೩ರ ಪ್ಲವ ಸಂವತ್ಸರದಲ್ಲಿ, ಎಂದರೆ ಕ್ರಿ.ಶ. ೯೪೧ರಲ್ಲಿ. ಅದರ ಬೆನ್ನಿಗೇ ಬಂದದ್ದು ‘ವಿಕ್ರಮಾರ್ಜುನ ವಿಜಯ’. ಒಂದನ್ನು ಮೂರು ತಿಂಗಳಲ್ಲಿ, ಮತ್ತೊಂದನ್ನು ಆರು ತಿಂಗಳಲ್ಲಿ ಮುಗಿಸಿದೆನೆಂದು ಕವಿಯೇ ಹೇಳಿಕೊಳ್ಳುತ್ತಾನೆ. ಒಂದರಲ್ಲಿ ಜಿನಾಗಮವನ್ನೂ ಇನ್ನೊಂದರಲ್ಲಿ ಲೌಕಿಕವನ್ನೂ ಬೆಳಗಿದೆನೆಂಬುದು ಅವನ ಹೆಮ್ಮೆ. ಅವನಿಗೆ ಆಶ್ರಯ ಕೊಟ್ಟವನು ವೇಮುಲವಾಡದ ಚಾಲುಕ್ಯ ವಂಶದ ಇಮ್ಮಡಿ ಅರಿಕೇಸರಿ. ಈ ಅರಿಕೇಸರಿ ಸ್ವತಂತ್ರ ಚಕ್ರವರ್ತಿಯಲ್ಲ. ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತ. ಲೆಂಬುಳಪಾಟಕವೆಂದು ಶಾಸನಗಳು ಹೇಳುವ ಅವನ ರಾಜಧಾನಿ ಇಂದಿನ ತೆಲಂಗಾಣದಲ್ಲಿದೆ. ಕನ್ನಡದ ಆದಿಕವಿಯೆಂದು ನಾವು ಗೌರವಿಸುವ ಕವಿ ತೆಲುಗು ನೆಲದ ನಡುವೆ ಕುಳಿತು ಕನ್ನಡ ಕಾವ್ಯ ಬರೆದನೆಂಬುದೇ ನಾವು ಮನಸ್ಸಿನಲ್ಲಿಡಬೇಕಾದ ಮೊದಲ ಸಂದರ್ಭ.

ಭಾಷೆಯ ವಿಚಾರದಿಂದಲೇ ಆರಂಭಿಸೋಣ. ತನ್ನ ಕನ್ನಡವು ಪುಲಿಗೆರೆಯ ತಿರುಳ್ಗನ್ನಡವೆಂದು ಪಂಪನು ಹೇಳಿಕೊಳ್ಳುತ್ತಾನೆ. ಪುಲಿಗೆರೆಯೆಂದರೆ ಇಂದಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರ. ಇನ್ನು ಬನವಾಸಿ ನಾಡನ್ನು ಅವನು ಹಂಬಲಿಸಿ ಬಣ್ಣಿಸಿದ ಪದ್ಯಗಳು ಕನ್ನಡಿಗರ ನಾಲಗೆಯ ಮೇಲಿವೆ. ರಾಜ್ಯೋತ್ಸವದ ವೇದಿಕೆಗಳಲ್ಲಿ ಅವುಗಳನ್ನು ಕೇಳದ ವರ್ಷವಿಲ್ಲ. ಆದರೆ ಕಾವ್ಯದಲ್ಲಿ ಅವು ಬರುವುದು ಎಲ್ಲಿ? ನಾಲ್ಕನೆಯ ಆಶ್ವಾಸದಲ್ಲಿ ಅರ್ಜುನನು ನಾಡನ್ನು ಸುತ್ತುತ್ತ ಬನವಾಸಿಗೆ ಬಂದಾಗ. ಕಥೆಗೆ ಅಲ್ಲಿ ಅಷ್ಟು ಹೊತ್ತು ನಿಲ್ಲುವ ಅಗತ್ಯವೇನೂ ಇರಲಿಲ್ಲ. ವೆಂಗಿನಾಡಿನ ಮನೆತನದಲ್ಲಿ ಹುಟ್ಟಿ ವೇಮುಲವಾಡದಲ್ಲಿ ಬಾಳಿದ ಕವಿಗೆ ಪಡುವಣ ಕನ್ನಡ ನಾಡಿನ ಮೇಲೆ ಇಷ್ಟೊಂದು ಪ್ರೀತಿ ಹೇಗೆ ಬಂತು ಎಂದು ವಿದ್ವಾಂಸರು ಬಹುಕಾಲ ಚರ್ಚಿಸಿದರು. ಕಾವ್ಯವೊಂದನ್ನೇ ಮುಂದಿಟ್ಟುಕೊಂಡು ನಡೆದ ಆ ಚರ್ಚೆಯಲ್ಲಿ ಊಹೆಗಳ ಪಾಲೇ ಹೆಚ್ಚಾಗಿತ್ತು.

ಇದಕ್ಕೆ ಒಂದು ಉತ್ತರ ದೊರೆತದ್ದು ಬಂಡೆಯ ಮೇಲೆ. ಕರೀಂನಗರ ಜಿಲ್ಲೆಯ ಕುರ್ಕ್ಯಾಲದ ಬಳಿಯ ಬೊಮ್ಮಲಗುಟ್ಟ ಎಂಬ ಗುಡ್ಡದಲ್ಲಿ ಪಂಪನ ತಮ್ಮನಾದ ಜಿನವಲ್ಲಭನು ಕೆತ್ತಿಸಿದ ಶಾಸನವೊಂದಿದೆ. ಕಳೆದ ಶತಮಾನದ ಉತ್ತರಾರ್ಧದಲ್ಲಿ ಅದು ವಿದ್ವಾಂಸರ ಗಮನಕ್ಕೆ ಬಂತು. ಸಂಸ್ಕೃತ, ಕನ್ನಡ, ತೆಲುಗು ಮೂರೂ ಭಾಷೆಗಳು ಅದರಲ್ಲಿವೆ. ನನ್ನಯನಿಗಿಂತ ಮೊದಲಿನ ತೆಲುಗು ಕಂದಪದ್ಯಗಳು ಅದರಲ್ಲಿ ಇರುವುದರಿಂದ ತೆಲುಗು ವಿದ್ವಾಂಸರಿಗೂ ಅದು ಬೆಲೆಯುಳ್ಳದ್ದು. ನಮಗೆ ಮುಖ್ಯವಾದದ್ದು ಅದರಲ್ಲಿನ ಮನೆತನದ ವಿವರ. ಪಂಪ ಜಿನವಲ್ಲಭರ ತಾಯಿಯ ಹೆಸರು ಅಬ್ಬಣಬ್ಬೆ. ಆಕೆ ಬೆಳ್ವೊಲ ನಾಡಿನ ಅಣ್ಣಿಗೇರಿಯ ಜೋಯಿಸ ಸಿಂಘನ ಮನೆಯವಳು. ಅಣ್ಣಿಗೇರಿಗೂ ಪುಲಿಗೆರೆಗೂ ಹೆಚ್ಚು ದೂರವಿಲ್ಲ. ಬೆಳ್ವೊಲ ಮುನ್ನೂರು, ಪುಲಿಗೆರೆ ಮುನ್ನೂರು, ಬನವಾಸಿ ಪನ್ನಿರ್ಚಾಸಿರ ಎಂಬ ನಾಡುಗಳ ಹೆಸರುಗಳು ಆ ಕಾಲದ ಶಾಸನಗಳಲ್ಲಿ ಜೊತೆಜೊತೆಯಾಗಿಯೇ ಬರುತ್ತವೆ. ಪಂಪನ ಪುಲಿಗೆರೆಯ ಕನ್ನಡವು ತಾಯಿಯ ತವರಿನ ಕಡೆಯ ಕನ್ನಡ.

ಈ ಒಂದು ಸಂಗತಿಯಿಂದ ಬನವಾಸಿಯ ಪದ್ಯಗಳ ಸೊಗಸು ಹೆಚ್ಚಿತೆ? ಸೊಗಸು ಮೊದಲೂ ಇತ್ತು. ಆದರೆ ಅವುಗಳ ದನಿಯನ್ನು ನಾವು ಕೇಳುವ ಬಗೆ ಬದಲಾಯಿತು. ಸ್ವಂತ ನೆಲದಲ್ಲಿ ನಿಂತು ಅದನ್ನು ಹೊಗಳುವವನ ಹೆಮ್ಮೆ ಬೇರೆ. ಮನೆಯಲ್ಲಿ ತಾಯಿಯಾಡುವ ಮಾತು ಬೀದಿಯ ಮಾತಲ್ಲದ ಊರಿನಲ್ಲಿ ಕುಳಿತು ಆ ನಾಡನ್ನು ನೆನೆಯುವವನ ಹಂಬಲ ಬೇರೆ. ವೇದಿಕೆಯ ಮೇಲೆ ಜಯಘೋಷದಂತೆ ಕೇಳಿಸುವ ಆ ಪದ್ಯಗಳು ಕಾವ್ಯದೊಳಗೆ ದೂರದಲ್ಲಿರುವವನ ನೆನಪಿನಂತೆ ಕೇಳಿಸುತ್ತವೆ. ಇಂದು ನಾಡಿನಿಂದ ದೂರ ನೆಲಸಿದ ಕನ್ನಡಿಗರು ಅವನ್ನು ಓದಿ ಕಣ್ಣು ಒದ್ದೆ ಮಾಡಿಕೊಳ್ಳುವುದರಲ್ಲಿ ಔಚಿತ್ಯವಿದೆ.

ಇನ್ನು ಕಥೆಯ ವಿಚಾರ. ವ್ಯಾಸಭಾರತದಲ್ಲಿ ದ್ರೌಪದಿಗೆ ಐವರು ಗಂಡಂದಿರು. ಪಂಪನಲ್ಲಿ ಅವಳು ಅರ್ಜುನನೊಬ್ಬನ ಹೆಂಡತಿ. ವ್ಯಾಸಭಾರತದ ಕೊನೆಯಲ್ಲಿ ಪಟ್ಟವೇರುವವನು ಧರ್ಮರಾಯ. ಪಂಪನಲ್ಲಿ ಪಟ್ಟವಾಗುವುದು ಅರ್ಜುನನಿಗೆ. ಅವನ ಪಕ್ಕದಲ್ಲಿ ಕುಳಿತುಕೊಳ್ಳುವವಳು ದ್ರೌಪದಿಯಲ್ಲ, ಸುಭದ್ರೆ. ಇದನ್ನು ಪಾಠ ಹೇಳುತ್ತಿದ್ದಾಗ ಒಬ್ಬ ವಿದ್ಯಾರ್ಥಿನಿ ಎದ್ದುನಿಂತು ಕೇಳಿದ ಪ್ರಶ್ನೆ ಇಂದಿಗೂ ನೆನಪಿದೆ. ‘ಸಾರ್, ದ್ರೌಪದಿ ಅರ್ಜುನನೊಬ್ಬನ ಹೆಂಡತಿಯಾದರೆ ದುಶ್ಶಾಸನನನ್ನು ಕೊಂದು ಅವಳ ಮುಡಿ ಕಟ್ಟುವವನು ಭೀಮನೇಕೆ? ಅರ್ಜುನನೆಲ್ಲಿ ಹೋದ?’ ಪ್ರಶ್ನೆ ಬಹಳ ಸರಿಯಾಗಿತ್ತು. ಕಾವ್ಯದ ಒಳಗೇ ನಿಂತು ಅದಕ್ಕೆ ಉತ್ತರ ಹುಡುಕಿದರೆ ಸಮಾಧಾನಕರವಾದ ಉತ್ತರ ಸಿಕ್ಕುವುದಿಲ್ಲ. ಭಾವನ ಅಭಿಮಾನ, ಮನೆತನದ ಮರ್ಯಾದೆ ಎಂದೆಲ್ಲ ಹೇಳಬಹುದು; ಆದರೂ ಆ ಸನ್ನಿವೇಶದ ಕಾವು ಗಂಡಹೆಂಡಿರ ನಡುವಿನದು ಎಂಬುದನ್ನು ಯಾವ ಓದುಗನೂ ಮರೆಯಲಾರ.

ಹೊರಗಿನ ಸಂದರ್ಭವನ್ನು ತಂದು ಪಕ್ಕದಲ್ಲಿಟ್ಟರೆ ವಿಷಯ ತಿಳಿಯಾಗುತ್ತದೆ. ತನ್ನ ದೊರೆ ಅರಿಕೇಸರಿಯನ್ನು ಅರ್ಜುನನೊಡನೆ ಹೋಲಿಸಿ ಸಮಸ್ತ ಭಾರತವನ್ನು ಹೇಳಲು ಪಂಪನು ಹೊರಟಿದ್ದಾನೆ. ಇದನ್ನು ಅವನು ಎಲ್ಲಿಯೂ ಬಚ್ಚಿಟ್ಟಿಲ್ಲ. ಗುಣಾರ್ಣವ, ಸಾಮಂತಚೂಡಾಮಣಿ, ಉದಾತ್ತನಾರಾಯಣ, ಹರಿಗ ಎಂಬ ಅರಿಕೇಸರಿಯ ಹೆಸರು ಬಿರುದುಗಳೇ ಕಥೆಯ ನಡುವೆ ಅರ್ಜುನನ ಹೆಸರುಗಳಾಗಿ ಬರುತ್ತವೆ. ದೊರೆಯ ಹೆಂಡತಿಯನ್ನು ಐವರಿಗೆ ಹಂಚಲು ಆಸ್ಥಾನಕವಿಗೆ ಸಾಧ್ಯವಿಲ್ಲ. ದೊರೆಯನ್ನು ಸಿಂಹಾಸನದ ಕೆಳಗೆ ಕೂರಿಸಿ ಅಣ್ಣನಿಗೆ ಪಟ್ಟಗಟ್ಟಿ ಕಾವ್ಯವನ್ನು ಮುಗಿಸಲೂ ಸಾಧ್ಯವಿಲ್ಲ. ಸುಭದ್ರೆಯ ವಿಚಾರಕ್ಕೂ ಇಲ್ಲೊಂದು ಬೆಳಕಿದೆ. ರಾಷ್ಟ್ರಕೂಟರು ತಮ್ಮನ್ನು ಯದುವಂಶದವರೆಂದು ಹೇಳಿಕೊಂಡವರು. ವೇಮುಲವಾಡದ ಮನೆತನಕ್ಕೂ ಅವರಿಗೂ ವಿವಾಹಸಂಬಂಧವಿತ್ತು. ಯಾದವರ ಮಗಳು ಸುಭದ್ರೆ ಪಟ್ಟದ ರಾಣಿಯಾದಾಗ ಆ ಸಭೆ ಯಾರನ್ನು ನೆನೆದಿರಬೇಕೆಂದು ಊಹಿಸುವುದು ಕಷ್ಟವಲ್ಲ.

ಆದರೆ ದುಶ್ಶಾಸನನ ವಧೆ ವ್ಯಾಸನ ಕಾಲದಿಂದಲೂ ಭೀಮನ ಪ್ರತಿಜ್ಞೆಗೆ ಕಟ್ಟುಬಿದ್ದದ್ದು. ಭಟ್ಟನಾರಾಯಣನ ‘ವೇಣೀಸಂಹಾರ’ವು ಆ ಪ್ರಸಂಗಕ್ಕೆ ಇನ್ನಷ್ಟು ಮೆರುಗು ಕೊಟ್ಟಿತ್ತು. ಅದನ್ನು ಅರ್ಜುನನ ಕೈಗೆ ದಾಟಿಸಿದರೆ ಓದುಗರು ಒಪ್ಪುವಂತಿರಲಿಲ್ಲ. ಬಿಟ್ಟುಬಿಡಲು ಕವಿಯ ಮನಸ್ಸೂ ಒಪ್ಪಿರಲಾರದು. ಹೀಗೆ ದೊರೆಯ ಮರ್ಯಾದೆ ಒಂದು ಕಡೆಗೆ, ಪರಂಪರೆಯ ಕಥೆ ಇನ್ನೊಂದು ಕಡೆಗೆ ಎಳೆದಾಗ ನಡುವೆ ಒಂದು ಹೊಲಿಗೆ ಬಿದ್ದಿದೆ. ಆ ವಿದ್ಯಾರ್ಥಿನಿಯ ಕಣ್ಣಿಗೆ ಬಿದ್ದದ್ದು ಅದೇ ಹೊಲಿಗೆ. ಸಂದರ್ಭವನ್ನು ತಿಳಿಯದವನು ಇದನ್ನು ಕವಿಯ ಅಜಾಗರೂಕತೆ ಎಂದುಕೊಳ್ಳುತ್ತಾನೆ. ತಿಳಿದವನು ಇಲ್ಲಿ ಎರಡು ಬಲಗಳ ನಡುವೆ ನಿಂತ ಕವಿಯನ್ನು ಕಾಣುತ್ತಾನೆ.

ಮೂರನೆಯದಾಗಿ ರಾಜಕೀಯ. ಅರಿಕೇಸರಿಯ ಕಾಲದ ದೊಡ್ಡ ಘಟನೆ ಮಾನ್ಯಖೇಟದ ಸಿಂಹಾಸನವು ಕೈ ಬದಲಾಯಿಸಿದ್ದು. ಗೊಜ್ಜಿಗನೆಂದು ಹೆಸರಾದ ನಾಲ್ಕನೆಯ ಗೋವಿಂದನು ಸುಮಾರು ಕ್ರಿ.ಶ. ೯೩೦ರಿಂದ ೯೩೫ರವರೆಗೆ ಆಳಿದ. ಅವನ ನಂತರ ಬಂದವನು ಬದ್ದೆಗನೆಂಬ ಮೂರನೆಯ ಅಮೋಘವರ್ಷ. ೯೩೯ರಲ್ಲಿ ಬದ್ದೆಗನ ಮಗ ಮುಮ್ಮಡಿ ಕೃಷ್ಣ. ಕೃಷ್ಣನ ೯೪೦ರ ದೇವಳಿ ತಾಮ್ರಶಾಸನವು ಗೋವಿಂದನು ಹೆಣ್ಣುಗಳ ಮೋಹಕ್ಕೆ ಸಿಕ್ಕಿ ಕೆಟ್ಟನೆಂದೂ ಸಾಮಂತರೆಲ್ಲ ಬೇಡಿಕೊಂಡದ್ದರಿಂದ ಅಮೋಘವರ್ಷನು ಪಟ್ಟವನ್ನು ಒಪ್ಪಿದನೆಂದೂ ಹೇಳುತ್ತದೆ. ಬೇಡಿಕೊಂಡ ಸಾಮಂತರು ಯಾರು, ಗೋವಿಂದನು ತಾನಾಗಿ ಇಳಿದನೆ ಅಥವಾ ಇಳಿಸಲ್ಪಟ್ಟನೆ ಎಂಬುದನ್ನು ತಾಮ್ರಪಟ ಬಾಯಿಬಿಟ್ಟು ಹೇಳುವುದಿಲ್ಲ. ಅದನ್ನು ಹೇಳುವವನು ಪಂಪ. ವಿಕ್ರಮಾರ್ಜುನ ವಿಜಯದ ಒಂಬತ್ತನೆಯ ಆಶ್ವಾಸದ ಒಂದು ಗದ್ಯಭಾಗದಲ್ಲಿ ಭಾರತದ ಕಥೆಯ ನಡುವೆಯೇ ಅರಿಕೇಸರಿಯ ಸಾಹಸಗಳ ಪಟ್ಟಿ ಬರುತ್ತದೆ. ಮೊರೆಹೊಕ್ಕ ಬಿಜ್ಜನೆಂಬ ಚಾಲುಕ್ಯನನ್ನು ಚಕ್ರವರ್ತಿ ಗೊಜ್ಜಿಗನ ಕೋಪಕ್ಕೆ ಅಂಜದೆ ಕಾಪಾಡಿದವನು, ಗೊಜ್ಜಿಗನನ್ನು ಅಡಗಿಸಿ ತನ್ನನ್ನು ನಂಬಿ ಬಂದ ಬದ್ದೆಗನಿಗೆ ಸಾಮ್ರಾಜ್ಯವನ್ನು ನಿಲ್ಲಿಸಿಕೊಟ್ಟವನು ಅರಿಕೇಸರಿ ಎಂಬುದು ಅಲ್ಲಿನ ಸಾರಾಂಶ.

ಇಲ್ಲಿ ಸಂದರ್ಭ ಮತ್ತು ಕಾವ್ಯಗಳ ಸಂಬಂಧ ಎರಡು ಮುಖದ್ದು. ಶಾಸನವು ಕಾವ್ಯಕ್ಕೆ ಬೆಳಕು ಕೊಡುತ್ತದೆ, ಕಾವ್ಯವೂ ಶಾಸನಕ್ಕೆ ಬೆಳಕು ಕೊಡುತ್ತದೆ. ಅರಿಕೇಸರಿಯ ತಂದೆ ನರಸಿಂಹನು ಘೂರ್ಜರರ ಮಹೀಪಾಲನನ್ನು ಬೆನ್ನಟ್ಟಿ ಗಂಗೆಯಲ್ಲಿ ತನ್ನ ಕುದುರೆಗಳಿಗೆ ಸ್ನಾನ ಮಾಡಿಸಿದನೆಂದು ಪಂಪ ಹೇಳುವ ಮಾತನ್ನು ರಾಷ್ಟ್ರಕೂಟ ಮುಮ್ಮಡಿ ಇಂದ್ರನ ಉತ್ತರದ ದಂಡಯಾತ್ರೆಯ ಚರಿತ್ರೆ ಬರೆಯುವವರೆಲ್ಲ ಆಧಾರವಾಗಿ ಹಿಡಿದಿದ್ದಾರೆ. ಪಂಪನು ಕೊಡುವ ಚಾಲುಕ್ಯ ವಂಶಾವಳಿಯು ಮುಮ್ಮಡಿ ಅರಿಕೇಸರಿಯ ೯೬೬ರ ಪರ್ಭಣಿ ತಾಮ್ರಶಾಸನದ ವಂಶಾವಳಿಯೊಂದಿಗೆ ಬಹುಮಟ್ಟಿಗೆ ಹೊಂದುತ್ತದೆ. ಆದರೂ ಎಚ್ಚರ ಬೇಕು. ಗೆದ್ದ ಸಾಮಂತನ ಕವಿ ಹೇಳುವುದೂ ಒಂದು ಪಕ್ಷದ ಮಾತು. ಹೊಸ ಚಕ್ರವರ್ತಿಯ ತಾಮ್ರಪಟ ಹೇಳುವುದೂ ಒಂದು ಪಕ್ಷದ ಮಾತು. ಗೋವಿಂದನ ಪಕ್ಷದ ಕವಿಯೊಬ್ಬನ ಕಾವ್ಯ ನಮಗೆ ಉಳಿದುಬಂದಿಲ್ಲ. ಸಂದರ್ಭವೆಂಬುದು ಸಿದ್ಧವಾಗಿ ಕೈಗೆ ಸಿಕ್ಕುವ ಸತ್ಯವಲ್ಲ. ಕಾವ್ಯವನ್ನು ಎಷ್ಟು ಎಚ್ಚರದಿಂದ ಓದಬೇಕೋ ಸಂದರ್ಭವನ್ನೂ ಅಷ್ಟೇ ಎಚ್ಚರದಿಂದ ಓದಬೇಕು.

ಇಷ್ಟರ ಮೇಲೆ ಕೆಲವರು ಇನ್ನೊಂದು ಹೆಜ್ಜೆ ಮುಂದೆ ಇಡುತ್ತಾರೆ. ಅರ್ಜುನನು ಅರಿಕೇಸರಿಯಾದರೆ ದುರ್ಯೋಧನನು ಗೊಜ್ಜಿಗನೇ ಆಗಿರಬೇಕು, ಕೃಷ್ಣನು ಇಂಥವನು, ಕರ್ಣನು ಇಂಥವನು ಎಂದು ಪ್ರತಿಯೊಂದು ಪಾತ್ರಕ್ಕೂ ಚರಿತ್ರೆಯಿಂದ ಒಬ್ಬೊಬ್ಬರನ್ನು ಹುಡುಕಿ ತಂದು ನಿಲ್ಲಿಸುತ್ತಾರೆ. ಕಾವ್ಯವು ಆಗ ಒಂದು ಒಗಟಾಗುತ್ತದೆ. ಒಗಟನ್ನು ಬಿಡಿಸಿದ ಮೇಲೆ ಅದರಿಂದ ಮತ್ತೇನೂ ಪ್ರಯೋಜನವಿಲ್ಲ. ಪಂಪನು ಹೋಲಿಕೆಯನ್ನು ಘೋಷಿಸಿದ್ದು ಅರ್ಜುನನೊಬ್ಬನ ವಿಚಾರದಲ್ಲಿ. ಕವಿ ಹೇಳಿದ್ದರಿಂದ ಹೊರಗೆ ಹೋಗುವಾಗ ಹೊರಗಿನ ಆಧಾರ ಬೇಕು. ಅದಿಲ್ಲದೆ ಹೋದರೆ ನಾವು ಓದುತ್ತಿರುವುದು ನಮ್ಮದೇ ಕಥೆಯನ್ನು.

ಕರ್ಣನ ವಿಚಾರಕ್ಕೆ ಬಂದಾಗ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಪಂಪಭಾರತದಲ್ಲಿ ಒಂದು ಪ್ರಸಿದ್ಧವಾದ ಪದ್ಯವಿದೆ. ಭಾನುಮತಿಯು ಪಗಡೆಯಾಟದಲ್ಲಿ ಸೋಲುತ್ತಾಳೆ, ಪಣಕ್ಕಾಗಿ ಕಾಡುವಾಗ ಮುತ್ತಿನ ಹಾರ ಹರಿಯುತ್ತದೆ, ದುರ್ಯೋಧನನು ಸ್ವಲ್ಪವೂ ಕಳವಳಪಡದೆ ಮುತ್ತುಗಳನ್ನು ಆಯ್ದುಕೊಡಲೇ ಎನ್ನುತ್ತಾನೆ. ಆಟ ಆಡಿದವರು ಯಾರು ಯಾರು ಎಂಬ ಬಗ್ಗೆ ನಮ್ಮ ವಿದ್ವಾಂಸರಲ್ಲಿ ದೀರ್ಘವಾದ ಚರ್ಚೆ ನಡೆದಿದೆ. ಚರ್ಚೆಯ ಭರದಲ್ಲಿ ಪದ್ಯವು ಎಲ್ಲಿ ಬರುತ್ತದೆಂಬುದು ಎಷ್ಟೋ ಸಲ ಮರೆತುಹೋಗುತ್ತದೆ. ಸಂಧಿಗೆ ಬಂದ ಕೃಷ್ಣನು ಕರ್ಣನನ್ನು ಏಕಾಂತಕ್ಕೆ ಕರೆದು ಅವನ ಹುಟ್ಟಿನ ಗುಟ್ಟನ್ನು ಹೇಳಿದ್ದಾನೆ. ನೀನೇ ಹಿರಿಯ, ರಾಜ್ಯ ನಿನ್ನದು, ಬಾ ಎಂದಿದ್ದಾನೆ. ಅದಕ್ಕೆ ಕರ್ಣನು ಕೊಡುವ ಉತ್ತರ ಈ ಪದ್ಯ. ಅಲ್ಲಿ ಮುಖ್ಯವಾದದ್ದು ಆಟವಲ್ಲ. ತನ್ನನ್ನು ಅಷ್ಟು ನಂಬಿದ ದೊರೆಯನ್ನು ಈಗ ಬಿಟ್ಟು ಬಂದರೆ ತಾನು ಎಂಥವನಾದೇನು ಎಂಬ ಪ್ರಶ್ನೆ. ಕಾವ್ಯದೊಳಗಿನ ಸ್ಥಾನವನ್ನು ಗಮನಿಸುವುದೂ ಸಂದರ್ಭಜ್ಞಾನವೇ. ಶಾಸನಗಳ ವರೆಗೆ ಹೋಗುವ ಮೊದಲು ಹಿಂದಿನ ಮುಂದಿನ ಪದ್ಯಗಳ ವರೆಗಾದರೂ ಹೋಗಬೇಕಲ್ಲವೆ?

ಈ ಉತ್ತರದ ಪೂರ್ಣವಾದ ತೂಕ ತಿಳಿಯಬೇಕಾದರೆ ಆ ಕಾಲದ ಬಾಳನ್ನೂ ತಿಳಿಯಬೇಕು. ಹತ್ತನೆಯ ಶತಮಾನದ ಕನ್ನಡ ನಾಡು ವೀರಗಲ್ಲುಗಳ ನಾಡು. ಒಡೆಯನ ಅನ್ನವನ್ನುಂಡವನು ಆ ಋಣವನ್ನು ಪ್ರಾಣದಿಂದ ತೀರಿಸಬೇಕೆಂಬ ಧರ್ಮಕ್ಕೆ ಜೋಳವಾಳಿ ಎಂದು ಹೆಸರು. ಒಡೆಯನೊಡನೆ ಸಾಯುವೆನೆಂದು ಭಾಷೆ ಕೊಡುವುದು ವೇಳೆವಾಳಿ. ಎಂ. ಚಿದಾನಂದಮೂರ್ತಿಯವರು ೧೯೬೬ರಲ್ಲಿ ಪ್ರಕಟಿಸಿದ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ವು ಇಂಥ ಸಂಗತಿಗಳನ್ನು ನೂರಾರು ಕಲ್ಲುಗಳಿಂದ ಹೆಕ್ಕಿ ನಮ್ಮ ಮುಂದಿಟ್ಟಿತು. ಒಂದೇ ಒಂದು ಕಲ್ಲಿನ ಮಾತು ಹೇಳುತ್ತೇನೆ. ಮದ್ದೂರಿನ ಬಳಿಯ ಆತಕೂರಿನ ಶಾಸನವು ಶಕವರ್ಷ ೮೭೨ರದು, ಎಂದರೆ ಕ್ರಿ.ಶ. ೯೪೯-೫೦. ಪಂಪನ ಕಾವ್ಯಗಳಾದ ಮೇಲೆ ಹತ್ತು ವರ್ಷವೂ ಕಳೆದಿರಲಿಲ್ಲ. ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನು ಬಿದ್ದ ನಂತರ ಗಂಗ ಬೂತುಗನು ತನ್ನ ಆಳಾದ ಮಣಲೇರನ ಪರಾಕ್ರಮಕ್ಕೆ ಮೆಚ್ಚಿ, ಬೇಕಾದುದನ್ನು ಬೇಡು ಎಂದ. ಬೂತುಗನಿಗೆ ಆಗ ಬನವಾಸಿ, ಬೆಳ್ವೊಲ, ಪುಲಿಗೆರೆಗಳಂಥ ನಾಡುಗಳೇ ಚಕ್ರವರ್ತಿಯಿಂದ ದೊರೆತಿದ್ದುವು. ಮಣಲೇರನು ಊರನ್ನಾಗಲಿ ಹೊನ್ನನ್ನಾಗಲಿ ಬೇಡಲಿಲ್ಲ. ಒಡೆಯನ ಬಳಿಯಿದ್ದ ಕಾಳಿಯೆಂಬ ಬೇಟೆನಾಯಿಯನ್ನು ಬೇಡಿದ. ಆ ನಾಯಿ ಮುಂದೆ ದೊಡ್ಡ ಹಂದಿಯೊಂದರೊಡನೆ ಹೋರಾಡಿ, ಎರಡೂ ಸತ್ತಾಗ ಅದಕ್ಕೂ ಒಂದು ಕಲ್ಲು ನಿಂತಿತು. ಇಂದು ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಒಡೆಯನು ಕೊಟ್ಟದ್ದರ ಬೆಲೆಗಿಂತ ಒಡೆಯನ ಕೈಯಿಂದ ಬಂದದ್ದೆಂಬುದೇ ಹೆಚ್ಚಾಗಿದ್ದ ಲೋಕ ಅದು. ಆ ಲೋಕದವರ ಕಿವಿಗೆ ಕರ್ಣನ ಉತ್ತರವು ಎಂಥ ಮಾತಾಗಿ ಕೇಳಿಸಿರಬೇಕು! ಸಾಮ್ರಾಜ್ಯವನ್ನೇ ಕೊಡುತ್ತೇನೆಂದರೂ ಅವನಿಗೆ ಬೇಡವಾಯಿತು. ಅವನಿಗೆ ಬೇಕಾದದ್ದು ಋಣದಿಂದ ಬಿಡುಗಡೆ.

ಈಗ ನನ್ನ ಮಾತಿನ ತಿರುಳಿಗೆ ಬರುತ್ತೇನೆ. ಇಷ್ಟೆಲ್ಲ ಸಂದರ್ಭವನ್ನು ಕೂಡಿಹಾಕಿದ ಮೇಲೂ ಒಂದು ಸಂಗತಿ ಅದರ ಲೆಕ್ಕಕ್ಕೆ ಸಿಕ್ಕದೆ ಉಳಿಯುತ್ತದೆ. ಕರ್ಣನು ಬಿದ್ದಾಗ, ಭಾರತದಲ್ಲಿ ಇನ್ನಾರನ್ನೂ ನೆನೆಯಬೇಡಿ, ಒಬ್ಬನನ್ನು ನೆನೆಯುವುದಾದರೆ ಕರ್ಣನನ್ನು ನೆನೆಯಿರಿ ಎಂಬರ್ಥದ ಮಾತನ್ನು ಪಂಪನು ಹೇಳುತ್ತಾನೆ. ಕಾವ್ಯದ ಕೊನೆಯಲ್ಲಿ ಭಾರತದ ಮಹಾಪುರುಷರನ್ನು ಒಬ್ಬೊಬ್ಬರ ಒಂದೊಂದು ಗುಣದಿಂದ ಎಣಿಸುವಾಗ ಛಲಕ್ಕಾಗಿ ದುರ್ಯೋಧನನನ್ನೂ ಸತ್ಯಕ್ಕಾಗಿ ಕರ್ಣನನ್ನೂ ಮೊದಲಿಗೆ ನಿಲ್ಲಿಸುತ್ತಾನೆ. ಅರ್ಜುನನ ಸರದಿ ಆಮೇಲೆ. ದೊರೆಯನ್ನು ಅರ್ಜುನನೆಂದು ಹೊಗಳಲು ಹೊರಟ ಕಾವ್ಯದಲ್ಲಿ, ಆ ಅರ್ಜುನನ ಬಾಣದಿಂದಲೇ ಬಿದ್ದವನನ್ನು ನೆನೆಯಿರೆಂದು ಹೇಳುವುದನ್ನು ಯಾವ ಆಶ್ರಯದಾತನ ಅಪೇಕ್ಷೆಯಿಂದಲೂ ವಿವರಿಸಲಾಗುವುದಿಲ್ಲ.

ಸಭೆಯನ್ನು ಸ್ವಲ್ಪ ಕಣ್ಣ ಮುಂದೆ ತಂದುಕೊಳ್ಳೋಣ. ಕೆಲವೇ ವರ್ಷಗಳ ಹಿಂದೆ ತನ್ನ ಚಕ್ರವರ್ತಿಯ ವಿರುದ್ಧವೇ ಕತ್ತಿ ಹಿರಿದು ಅವನನ್ನು ಇಳಿಸಿದ ದೊರೆ ಕುಳಿತಿದ್ದಾನೆ. ಅದು ನ್ಯಾಯವಾದ ಕಾರ್ಯವೆಂದು ಅದೇ ಕಾವ್ಯ ಹೇಳುತ್ತದೆ. ಮೊರೆಹೊಕ್ಕವನನ್ನು ಕಾಯುವುದಕ್ಕಾಗಿ, ಕೆಟ್ಟ ಒಡೆಯನನ್ನು ನಿಲ್ಲಿಸುವುದಕ್ಕಾಗಿ ಅದು ನಡೆಯಿತು. ಆ ದೊರೆಯ ಮುಂದೆಯೇ ಕೆಟ್ಟ ಒಡೆಯನನ್ನು ಕೆಟ್ಟವನೆಂದು ತಿಳಿದೂ ಬಿಡದೆ ಅವನಿಗಾಗಿ ಸತ್ತವನ ಕಥೆ ಓದಲ್ಪಡುತ್ತದೆ. ಕವಿಯ ಕಣ್ಣೀರು ಅವನ ಪಾಲಿಗೆ ಹರಿಯುತ್ತದೆ. ನಿಷ್ಠೆಯೆಂದರೇನು, ಅದರ ಮೇರೆ ಯಾವುದು ಎಂಬ ಪ್ರಶ್ನೆ ಆ ಸಭೆಯಲ್ಲಿ ಕುಳಿತ ಪ್ರತಿಯೊಬ್ಬ ಸಾಮಂತನ, ಪ್ರತಿಯೊಬ್ಬ ಆಳಿನ ಬಾಳಿನ ಪ್ರಶ್ನೆಯಾಗಿತ್ತು. ಅರಿಕೇಸರಿ ಒಂದು ಉತ್ತರವನ್ನು ಬಾಳಿ ತೋರಿಸಿದ್ದ. ಕರ್ಣನದು ಅದಕ್ಕೆ ಎದುರಾದ ಉತ್ತರ. ಪಂಪನು ಎರಡಕ್ಕೂ ಗೌರವ ಕೊಟ್ಟು, ಎರಡನ್ನೂ ಒಂದೇ ಕಾವ್ಯದಲ್ಲಿ ಉಳಿಸಿದ. ಇದು ಶಾಸನದ ಅಕ್ಷರಗಳಲ್ಲಿ ಸಿಕ್ಕುವ ಮಾತಲ್ಲ, ನನ್ನ ಓದು. ಆದರೆ ಶಾಸನವನ್ನು ಓದದಿದ್ದರೆ ಈ ಓದು ನನಗೆ ದೊರೆಯುತ್ತಿರಲಿಲ್ಲ.

ಆದ್ದರಿಂದ ಸಂದರ್ಭದ ಪ್ರಯೋಜನವೇನೆಂದು ಯಾರಾದರೂ ಕೇಳಿದರೆ ನಾನು ಕೊಡುವ ಉತ್ತರ ಇದು. ಕವಿ ಎಲ್ಲೆಲ್ಲಿ ಕಟ್ಟುಬಿದ್ದಿದ್ದನೆಂಬುದನ್ನು ಸಂದರ್ಭವು ತಿಳಿಸುತ್ತದೆ. ಹಾಗೆ ತಿಳಿಸುವುದರಿಂದಲೇ ಅವನು ಎಲ್ಲಿ ಕಟ್ಟು ಮೀರಿದನೆಂಬುದೂ ಗೊತ್ತಾಗುತ್ತದೆ. ದ್ರೌಪದಿಯ ವಿವಾಹದಲ್ಲಿ, ಸುಭದ್ರೆಯ ಪಟ್ಟದಲ್ಲಿ ಪಂಪನು ಆಸ್ಥಾನಕ್ಕೆ ಸಲ್ಲಬೇಕಾದದ್ದನ್ನು ಸಲ್ಲಿಸಿದ್ದಾನೆ. ಅದು ಅವನ ಜೋಳವಾಳಿ. ಕರ್ಣನ ವಿಚಾರದಲ್ಲಿ ಅವನು ಕಾವ್ಯಕ್ಕೆ ಸಲ್ಲಬೇಕಾದದ್ದನ್ನು ಸಲ್ಲಿಸಿದ್ದಾನೆ. ದೊರೆ ಯಾರೆಂಬುದನ್ನೇ ತಿಳಿಯದವನಿಗೆ ಕರ್ಣನ ಹೊಗಳಿಕೆ ಒಂದು ಒಳ್ಳೆಯ ಪದ್ಯ ಮಾತ್ರ. ತಿಳಿದವನಿಗೆ ಅದೊಂದು ಧೈರ್ಯದ ಕೆಲಸ. ಇನ್ನು ಇಡೀ ಕಾವ್ಯವನ್ನು ರಾಜಸ್ತುತಿಯೆಂದು ತಳ್ಳಿಹಾಕುವವರು ಅರ್ಧ ಸಂದರ್ಭವನ್ನಷ್ಟೇ ಓದಿದವರು. ಅರಿಕೇಸರಿಯ ದೊಡ್ಡತನವನ್ನೂ ಇಲ್ಲಿ ಮರೆಯಬಾರದು. ಇಂಥ ಕಾವ್ಯವನ್ನು ಕೇಳಿ ಅವನು ಮುನಿಯಲಿಲ್ಲ. ಬಚ್ಚೆ ಸಾಸಿರದ ಧರ್ಮಪುರವೆಂಬ ಅಗ್ರಹಾರವನ್ನು ಕವಿಗೆ ಕೊಟ್ಟ.

ಅದೇ ಕವಿ ಅದೇ ಕಾಲದಲ್ಲಿ ಬರೆದ ‘ಆದಿಪುರಾಣ’ವನ್ನೂ ಪಕ್ಕದಲ್ಲಿಟ್ಟುಕೊಂಡು ನೋಡಿದರೆ ಈ ಮಾತಿಗೆ ಇನ್ನಷ್ಟು ಬಲ ಬರುತ್ತದೆ. ಅಲ್ಲಿ ಭರತ ಚಕ್ರವರ್ತಿಯು ಷಟ್ಖಂಡವನ್ನು ಗೆದ್ದು ತನ್ನ ಕೀರ್ತಿಯನ್ನು ಬರೆಯಿಸಲೆಂದು ವೃಷಭಾಚಲಕ್ಕೆ ಬರುತ್ತಾನೆ. ಬೆಟ್ಟದ ಮೈಯೆಲ್ಲ ಹಿಂದಿನ ಚಕ್ರವರ್ತಿಗಳ ಹೆಸರುಗಳಿಂದ ತುಂಬಿಹೋಗಿದೆ, ಬರೆಯಲು ಎಡೆಯಿಲ್ಲ. ಅವನ ಗರ್ವ ಇಳಿಯುತ್ತದೆ. ಕೊನೆಗೆ ಒ‌ಬ್ಬನ ಹೆಸರನ್ನು ಅಳಿಸಿ ತನ್ನದನ್ನು ಬರೆಯಬೇಕಾಗುತ್ತದೆ. ರಾಜಕೀರ್ತಿಯನ್ನು ಹಾಡುವುದೇ ಕಸುಬಾಗಿದ್ದ ಕವಿಗೆ ರಾಜಕೀರ್ತಿಯ ಬಾಳಿಕೆ ಎಷ್ಟೆಂಬುದು ಚೆನ್ನಾಗಿ ಗೊತ್ತಿತ್ತು.

ಜಿನವಲ್ಲಭನು ಶಾಸನ ಕೆತ್ತಿಸಿದ ಕುರ್ಕ್ಯಾಲದ ಗುಡ್ಡಕ್ಕೆ ಆ ಶಾಸನದಲ್ಲಿರುವ ಹೆಸರು ವೃಷಭಗಿರಿ ಎಂದು. ಧರ್ಮಪುರದ ಬಳಿಯ ಆ ಗುಡ್ಡದಲ್ಲಿ ಅವನು ಜಿನಬಿಂಬಗಳನ್ನೂ ಚಕ್ರೇಶ್ವರಿಯನ್ನೂ ಬಂಡೆಯ ಮೇಲೆ ಮೂಡಿಸಿದ, ತ್ರಿಭುವನತಿಲಕವೆಂಬ ಬಸದಿಯನ್ನು ಕಟ್ಟಿಸಿದ, ಕವಿತಾಗುಣಾರ್ಣವವೆಂಬ ಕೆರೆಯನ್ನು ತೋಡಿಸಿದ. ಪುರಾಣದ ವೃಷಭಾಚಲದಲ್ಲಿ ಚಕ್ರವರ್ತಿಗೆ ಒಂದು ಹೆಸರು ಬರೆಯುವಷ್ಟು ಜಾಗ ಸಿಕ್ಕಲಿಲ್ಲ. ತೆಲಂಗಾಣದ ಈ ವೃಷಭಗಿರಿಯಲ್ಲಿ ತಮ್ಮನೊಬ್ಬನು ಕವಿಯಾದ ಅಣ್ಣನ ಹೆಸರಿಗೆ, ತಂದೆತಾಯಿಗಳ ಹೆಸರಿಗೆ, ಅಣ್ಣಿಗೇರಿಯ ಮುತ್ತಜ್ಜನ ಹೆಸರಿಗೆ ಎಡೆಮಾಡಿಕೊಟ್ಟ. ಸಾವಿರ ವರ್ಷ ಆ ಅಕ್ಷರಗಳು ಬಿಸಿಲು ಮಳೆಗಳಲ್ಲಿ ನಿಂತು, ಪಂಪನ ಪದ್ಯಗಳನ್ನು ಸರಿಯಾಗಿ ಓದಲು ನಮಗೆ ನೆರವಾದುವು. ಪಂಪಭಾರತವನ್ನು ಎತ್ತಿಕೊಳ್ಳುವವರು ಆ ಬಂಡೆಯ ಬರಹವನ್ನೂ ಒಮ್ಮೆ ಓದಿಕೊಂಡರೆ, ನಾಲ್ಕನೆಯ ಆಶ್ವಾಸದ ಬನವಾಸಿಯೂ ಒಂಬತ್ತನೆಯ ಆಶ್ವಾಸದ ಕರ್ಣನೂ ಅವರಿಗೆ ಇನ್ನಷ್ಟು ಹತ್ತಿರವಾದಾರು.